ಬಣ್ಣದ ಚಾರ್ಟ್ ನೋಡಿದರೆ ಸಾಕೇ, ಲಿಥುವೇನಿಯನ್ ವ್ಯಾಕರಣ ಬಂದುಬಿಡುತ್ತದೆಯೇ?

"ನೀವು ನೋಡಿ ಕಲಿಯುವವರೇ? ಹಾಗಾದರೆ ಈ ಚಾರ್ಟ್ ಸಾಕು, ವ್ಯಾಕರಣ ತಾನಾಗಿಯೇ ಬರುತ್ತದೆ." ಭಾಷೆ ಕಲಿಸುವ ಚಿತ್ರಗಳ ಜತೆ ಇಂಥ ಮಾತೂ ಫಾರ್ವರ್ಡ್ ಆಗುತ್ತಿರುತ್ತದೆ. ಇದರಲ್ಲಿ ಎಷ್ಟು ನಿಜ? ಲಿಥುವೇನಿಯನ್ ಭಾಷೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ನೋಡೋಣ.

ಚಾರ್ಟ್‌ನಿಂದ ಏನು ಉಪಯೋಗ?

ಲಿಥುವೇನಿಯನ್‌ನಲ್ಲಿ 7 ವಿಭಕ್ತಿಗಳಿವೆ. ನಾವು ಪುಸ್ತಕ, ಪುಸ್ತಕದ, ಪುಸ್ತಕಕ್ಕೆ, ಪುಸ್ತಕವನ್ನು, ಪುಸ್ತಕದಲ್ಲಿ ಎನ್ನುವ ಹಾಗೆ ಅವರು ಕ್ನೀಗ, ಕ್ನೀಗೋಸ್, ಕ್ನೀಗೈ, ಕ್ನೀಗಾ, ಕ್ನೀಗೋಯೆ ಎನ್ನುತ್ತಾರೆ. ಬದಲಾಗುವುದು ಪದದ ಕೊನೆ ಮಾತ್ರ. ಅದಕ್ಕೆ ಬಣ್ಣ ಹಚ್ಚಿದರೆ ತಟ್ಟನೆ ಕಣ್ಣಿಗೆ ಬೀಳುತ್ತದೆ. 'ಕ್ನೀಗಾ' ಬರೆಯುವಾಗ ಕೊನೆಯ ಅಕ್ಷರದ ಕೆಳಗೆ ಪುಟ್ಟ ಬಾಲ ಬರುತ್ತದೆ. ಇಂಥದ್ದನ್ನು ತೋರಿಸಲು ಚಿತ್ರವೇ ಸುಲಭ.

ಎಲ್ಲಿ ಎಡವುತ್ತೇವೆ?

ಕನ್ನಡದ 'ಪುಸ್ತಕದಿಂದ' ಎಂಬ ಪದ ನೋಡಿ. "ಪುಸ್ತಕದಿಂದ ಹೊಡೆದ" ಎನ್ನುವಾಗ ಲಿಥುವೇನಿಯನ್‌ನಲ್ಲಿ 'ಕ್ನೀಗ' ಸಾಕು. ಬರವಣಿಗೆಯಲ್ಲಿ ಇದಕ್ಕೂ ಬರೀ 'ಪುಸ್ತಕ' ಎನ್ನುವುದಕ್ಕೂ ವ್ಯತ್ಯಾಸವೇ ಇಲ್ಲ. "ಪುಸ್ತಕದಿಂದ ಕಲಿತ" ಎನ್ನುವಾಗ 'ಇಶ್ ಕ್ನೀಗೋಸ್' ಆಗುತ್ತದೆ. ಎರಡಕ್ಕೂ ಒಂದೇ ಬಣ್ಣ ಹಚ್ಚಿದ ಚಾರ್ಟ್ ದಾರಿ ತಪ್ಪಿಸುತ್ತದೆ. ಯಾವುದು ಎಲ್ಲಿ ಬರುತ್ತದೆ ಎಂದು ಗೊತ್ತಾಗುವುದು ವಾಕ್ಯ ಕಟ್ಟಿದಾಗಲೇ.

'ನೋಡಿ ಕಲಿಯುವವರು' ಬೇರೆಯೇ ಇದ್ದಾರೆಯೇ?

ಚಿತ್ರ ಇಷ್ಟ, ಕೇಳುವುದು ಇಷ್ಟ ಎನ್ನುವವರು ಖಂಡಿತ ಇದ್ದಾರೆ. ಆದರೆ ಆ ಇಷ್ಟಕ್ಕೆ ಹೊಂದಿಸಿ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಸಾಕಷ್ಟು ಪುರಾವೆ ಇಲ್ಲ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನಶ್ಶಾಸ್ತ್ರಜ್ಞರು ಆವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ 2008ರಲ್ಲಿ ಹೇಳಿದ್ದು ಇದನ್ನೇ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಸಂಶೋಧಕರು ಇನ್ನೊಂದು ವಿಷಯ ತೋರಿಸಿದರು. ಓದಿದ್ದನ್ನೇ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು. ಒಂದು ವಾರ ಕಳೆದ ಮೇಲೆ ಹೆಚ್ಚು ನೆನಪಿದ್ದುದು, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ. ಚಾರ್ಟ್ ನೋಡಿದಾಗ "ಎಲ್ಲ ಗೊತ್ತಾಯಿತು" ಅನ್ನಿಸುವುದು, ಪರೀಕ್ಷೆಯಲ್ಲಿ ಕೈಕೊಡುವುದು ಇದೇ ಕಾರಣಕ್ಕೆ.

ಹಾಗಾದರೆ ಏನು ಮಾಡಬೇಕು?

ಚಾರ್ಟ್ ಎಸೆಯಬೇಡಿ. ಪದಗಳ ಕೊನೆಯ ಭಾಗವನ್ನು ಕಾಗದದಿಂದ ಮುಚ್ಚಿ, ನೆನಪಿನಿಂದ ಬರೆಯಿರಿ, ಆಮೇಲೆ ತೆರೆದು ನೋಡಿ. ತಪ್ಪಾದವುಗಳಿಂದ ಒಂದೊಂದು ವಾಕ್ಯ ಮಾಡಿ, ಗಟ್ಟಿಯಾಗಿ ಹೇಳಿ. ಎರಡು ದಿನ ಬಿಟ್ಟು ಮತ್ತೆ ಹೀಗೇ ಮಾಡಿ.

ಒಟ್ಟಿನಲ್ಲಿ, ಚಾರ್ಟ್ ಉಪಯುಕ್ತ ಎಂಬುದು ನಿಜ. ನೋಡಿದರೆ ಸಾಕು ಎಂಬುದು ಸುಳ್ಳು. ಹಣ ಕೊಟ್ಟು ಇಂಥ ಕೋರ್ಸ್ ಸೇರುವ ಮೊದಲು, ಅಲ್ಲಿ ನಿಮ್ಮ ಕೈಯಲ್ಲಿ ಎಷ್ಟು ಬರೆಸುತ್ತಾರೆ, ಎಷ್ಟು ಮಾತಾಡಿಸುತ್ತಾರೆ ಎಂದು ಕೇಳಿ. ಚಾರ್ಟ್ ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನೂ ಜತೆಗೇ ಕಳಿಸಿ.