ಹಳೆಯ ಮನೆಯ ಗೋಡೆ, ಬೇಸಿಗೆಯ ಬೇಗೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿರಿಯರು ಕಟ್ಟಿಸಿಟ್ಟ ಮಣ್ಣಿನ ಮನೆಗಳು ಇನ್ನೂ ಸಾಕಷ್ಟು ಉಳಿದಿವೆ. ಎರಡಡಿ ದಪ್ಪದ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಇಂತಹ ಮನೆಗಳಲ್ಲಿ ಹುಟ್ಟಿ ಬೆಳೆದ ನಮ್ಮ ಅನೇಕ ಬಂಧುಗಳು ಪಟ್ಟಣ ಸೇರಿ, ಮೂವತ್ತು ನಲವತ್ತು ವರ್ಷಗಳ ಹಿಂದೆ ಕಟ್ಟಿದ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯ ಚಿಕ್ಕ ಮನೆಗಳಲ್ಲಿ ನೆಲೆಸಿದ್ದಾರೆ. ಕಲಬುರಗಿ, ರಾಯಚೂರುಗಳ ಕಡೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟಿದಾಗ, ಈ ಎರಡು ಬಗೆಯ ಗೋಡೆಗಳಿಗಿರುವ ಅಂತರ ಮೈಗೇ ತಿಳಿಯುತ್ತದೆ.

ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯ ಹೊರಮೈಗೆ ಬಿದ್ದ ಬಿಸಿಲು ಒಳಮೈಗೆ ಬರಲು ಸುಮಾರು ಆರೇಳು ತಾಸು ಹಿಡಿಯುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಪಡುವಣ ಗೋಡೆ ಹೀರಿಕೊಂಡ ಕಾವು ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ, ಸರಿಯಾಗಿ ಮನೆಮಂದಿ ಹಾಸಿಗೆ ಹಾಸುವ ವೇಳೆಗೆ, ಒಳಗೆ ಬರತೊಡಗುತ್ತದೆ. ಹೊರಗೆ ಗಾಳಿ ತಂಪಾಗಿದ್ದರೂ ಕೋಣೆಯೊಳಗೆ ಸೆಕೆ ಆರದಿರುವುದಕ್ಕೆ ಇದೇ ಕಾರಣ. ಎರಡಡಿ ಮಣ್ಣಿನ ಗೋಡೆಯಲ್ಲಾದರೋ ಕಾವು ಒಳಗೆ ತಲುಪುವ ಮೊದಲೇ ಬಹುಪಾಲು ಕರಗಿಹೋಗಿರುತ್ತದೆ. ವಯಸ್ಸಾದ ತಂದೆತಾಯಿಗಳನ್ನು, ಬಾಣಂತಿಯನ್ನು, ಹಸುಗೂಸನ್ನು ಯಾವ ಗೋಡೆಯ ಪಕ್ಕದಲ್ಲಿ ಮಲಗಿಸಿದ್ದೇವೆ ಎಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ಗಮನಿಸಬೇಕು. ರಾತ್ರಿಯೂ ತಂಪು ಸಿಗದಿದ್ದರೆ ದುರ್ಬಲ ದೇಹವು ಹಗಲಿನ ತಾಪದಿಂದ ಚೇತರಿಸಿಕೊಳ್ಳಲಾರದು.

ಆದರೆ ಹಳ್ಳಿಯ ಹಳೆಯ ಮನೆಯನ್ನು 'ಪಕ್ಕಾ' ಮಾಡುವ ಭರದಲ್ಲಿ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಹೊಡೆಸುವ ಪರಿಪಾಠ ಎಲ್ಲೆಡೆ ಹಬ್ಬಿದೆ. ಇದು ಸರಿಯಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಮಣ್ಣು ತೇವವನ್ನು ಹೀರಿಕೊಂಡು ಮತ್ತೆ ಹೊರಗೆ ಬಿಡುವ ವಸ್ತು. ಸಿಮೆಂಟು ಅದರ ಬಾಯಿ ಮುಚ್ಚುತ್ತದೆ. ಎರಡೂ ಒಂದೇ ಅಳತೆಯಲ್ಲಿ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ ನಾಲ್ಕಾರು ವರ್ಷಗಳಲ್ಲಿ ಬಿರುಕು ಬೀಳುತ್ತದೆ. ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿರುವುದಿಲ್ಲ. ಗೋಡೆಯ ಬುಡ ಒಳಗೊಳಗೇ ಮೆತ್ತಗಾಗುತ್ತಿದ್ದರೂ ಮೇಲಿನ ಗಿಲಾವು ನುಣ್ಣಗೆ ಕಾಣುತ್ತಿರುತ್ತದೆ. 2009ರ ಮತ್ತು 2019ರ ನೆರೆಗಳಲ್ಲಿ ಉತ್ತರ ಕರ್ನಾಟಕದಲ್ಲಿ ಅಸಂಖ್ಯ ಮಣ್ಣಿನ ಮನೆಗಳು ಕುಸಿದುದನ್ನು ನಾವಾರೂ ಮರೆತಿಲ್ಲ. ನೆರೆಯ ಮುಂದೆ ಯಾವ ಗೋಡೆಯೂ ದೊಡ್ಡದಲ್ಲ, ನಿಜ. ಆದರೆ ಬುಡ ಮೊದಲೇ ಮೆತ್ತಗಾದ ಗೋಡೆ ಸಾಧಾರಣ ಮಳೆಗೂ ನಿಲ್ಲಲಾರದು. ಮೇಲಾಗಿ, ತೇವಗೊಂಡ ಗೋಡೆ ಒಣಗಿದ ಗೋಡೆಗಿಂತ ಬೇಗನೆ ಕಾವನ್ನು ದಾಟಿಸುತ್ತದೆ. ಅಂದಮೇಲೆ ಗೋಡೆಯನ್ನು ಒಣಗಿಸಿಡುವುದೇ ಮೊದಲ ಉಪಾಯ.

ಇದಕ್ಕೆ ಗೌಂಡಿಯನ್ನು ಕರೆಯುವ ಮುನ್ನ ಮನೆಯ ಸುತ್ತ ಒಮ್ಮೆ ನಡೆದು ನೋಡುವುದು ಒಳ್ಳೆಯದು. ವರ್ಷವರ್ಷವೂ ರಸ್ತೆಯನ್ನು ಎತ್ತರಿಸುತ್ತ ಬಂದುದರಿಂದ ಅನೇಕ ಹಳೆಯ ಮನೆಗಳು ಇಂದು ಬೀದಿಗಿಂತ ತಗ್ಗಿನಲ್ಲಿವೆ. ಕಲ್ಲಿನ ಬುನಾದಿ ಹೂತುಹೋಗಿ ಮಳೆನೀರು ನೇರವಾಗಿ ಮಣ್ಣಿಗೇ ಸಿಡಿಯುತ್ತದೆ. ಕೂಡಿಬಿದ್ದ ಮಣ್ಣನ್ನು ತೆಗೆಸಿ, ನೀರು ಹರಿದುಹೋಗಲು ಗಟಾರು ಮಾಡಿಸಬೇಕು. ಬಳಿಕ ಹುಲ್ಲು ಸೇರಿಸಿ ಕೊಳೆಸಿದ ಮಣ್ಣಿನಿಂದಲೋ ಸುಣ್ಣದ ಗಾರೆಯಿಂದಲೋ ಗಿಲಾವು ಮಾಡಿಸಿ ಮೇಲೆ ಬಿಳಿ ಸುಣ್ಣ ಬಳಿಯಬೇಕು. ಬಿಳುಪು ಬಿಸಿಲಿನ ಬಹುಭಾಗವನ್ನು ಹಿಂದಕ್ಕಟ್ಟುತ್ತದೆ. ಸುಣ್ಣ ಗೋಡೆಯ ಉಸಿರನ್ನು ಕಟ್ಟುವುದಿಲ್ಲ. ಯುಗಾದಿಗೆ ಮುನ್ನ ಸುಣ್ಣ ಬಳಿಯುವ ನಮ್ಮ ಮನೆತನಗಳ ವಾಡಿಕೆ ಬೇಸಿಗೆಯ ಹೊಸ್ತಿಲಲ್ಲೇ ಬರುವುದನ್ನು ಕಂಡರೆ, ಹಬ್ಬದ ಸಡಗರವೊಂದೇ ಅದರ ಕಾರಣವೆಂದು ನಮಗೆ ಅನಿಸುವುದಿಲ್ಲ. ಗಾಢ ಬಣ್ಣದ ಎಣ್ಣೆ ಪೇಂಟು ಇಂತಹ ಗೋಡೆಗೆ ಸಲ್ಲದು.

ಪಟ್ಟಣದ ಇಟ್ಟಿಗೆ ಗೋಡೆಯ ಮಾತು ಬೇರೆ. ಅಲ್ಲಿ ಥರ್ಮೋಕೋಲ್ ಹಲಗೆಗಳು ಉಪಯೋಗಕ್ಕೆ ಬರುತ್ತವೆ. ಅದರ ಒಂದು ಅಂಗುಲವು ಶಾಖವನ್ನು ತಡೆಯುವಲ್ಲಿ ಸುಮಾರು ಒಂದೂವರೆ ಎರಡಡಿ ಇಟ್ಟಿಗೆಗೆ ಸಮ. ಗೋಡೆಯ ಹೊರಮೈಗೆ ಅಂಟಿಸಿ, ಜಾಲರಿ ಹೊದಿಸಿ, ಮೇಲೆ ಗಿಲಾವು ಮಾಡಿಸಬೇಕು. ಒಳಮೈಗೆ ಅಂಟಿಸಿದರೆ ರಾತ್ರಿಯ ತಂಪನ್ನು ಗೋಡೆ ಹಿಡಿದಿಟ್ಟುಕೊಳ್ಳುವ ಲಾಭ ತಪ್ಪುತ್ತದೆ. ಅದು ಬೆಂಕಿಗೆ ಬೇಗ ತುತ್ತಾಗಿ ವಿಷದ ಹೊಗೆ ಬಿಡುವುದರಿಂದ ಮುಚ್ಚದೆ ಹಾಗೇ ಬಿಡುವುದಂತೂ, ಅದರಲ್ಲೂ ಅಡುಗೆಮನೆಯ ಬಳಿ, ಕೂಡದು. ಇಷ್ಟು ಖರ್ಚು ಮಾಡಲಾಗದವರು ಪಡುವಣ ಗೋಡೆಯಿಂದ ನಾಲ್ಕು ಅಂಗುಲ ಬಿಟ್ಟು ಬಿದಿರಿನ ತಟ್ಟಿ ಕಟ್ಟಿಸಿದರೂ ಸಾಕು. ಬಿಸಿಲು ತಟ್ಟಿಗೆ ಬೀಳುತ್ತದೆ, ನಡುವಿನ ಗಾಳಿ ಕಾವನ್ನು ಮೇಲಕ್ಕೊಯ್ಯುತ್ತದೆ. ಹೀರೆ, ಅವರೆಯ ಬಳ್ಳಿ ಹಬ್ಬಿಸಿದರೆ ನೆರಳೂ ಆಯಿತು, ಪಲ್ಯವೂ ಆಯಿತು. ಬಳ್ಳಿಗೆ ಹಾಕುವ ನೀರು ಗೋಡೆಯ ಬುಡಕ್ಕೆ ಹೋಗದಿರಲಿ.

ಬಡಗಣ ಗೋಡೆಗೆ ಬಿಸಿಲೇ ಇಲ್ಲವೆಂಬ ನಂಬಿಕೆಯೂ ಇದೆ. ಕಲಬುರಗಿಯಲ್ಲಿ ಮೇ ಎರಡನೆಯ ವಾರದಿಂದ ಜುಲೈ ಕೊನೆಯವರೆಗೆ ನಡುಹಗಲ ಸೂರ್ಯ ತುಸು ಉತ್ತರಕ್ಕೇ ಇರುತ್ತಾನೆ. ಆ ದಿನಗಳಲ್ಲಿ ಆತ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುವುದರಿಂದ ಒಂದು ಅಂತಸ್ತಿನ ಮನೆಗೆ ಗೋಡೆಗಿಂತ ಮಾಳಿಗೆಯ ಕಾವೇ ಹೆಚ್ಚು. ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ಇಕೋ ನಿವಾಸ ಸಂಹಿತೆಯು ಹೊಸ ವಾಸದ ಕಟ್ಟಡಗಳ ಮಾಳಿಗೆಗೆ ಶಾಖ ದಾಟುವ ಮಿತಿಯನ್ನು 1.2 ಎಂದು ಗೊತ್ತುಪಡಿಸಿದೆ; ಬರಿಯ ಕಾಂಕ್ರೀಟಿನ ಮಾಳಿಗೆಯಲ್ಲಿ ಅದು ಮೂರನ್ನೂ ಮೀರುತ್ತದೆ. ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಮಾಳಿಗೆಗೆ ದಪ್ಪನಾಗಿ ಬಿಳಿ ಸುಣ್ಣ ಬಳಿಸಿ, ಆನಂತರ ಪಡುವಣ ಗೋಡೆಯ ಕಡೆ ತಿರುಗಬಹುದು.

ಸುಣ್ಣದ ಗಾರೆಯ ಕೆಲಸಕ್ಕೆ ಮಳೆಗಾಲ ಕಳೆದ ಕಾರ್ತಿಕದಿಂದ ಶಿವರಾತ್ರಿಯವರೆಗಿನ ಕಾಲ ಅನುಕೂಲ. ಹೊಸ ಗಿಲಾವು ಕಡುಬಿಸಿಲಿಗೆ ಒಮ್ಮೆಲೇ ಒಣಗದಂತೆ ಒದ್ದೆ ಗೋಣಿತಾಟು ಇಳಿಬಿಟ್ಟು, ಮೊದಲ ಒಂದೆರಡು ವಾರ ಹಗುರಾಗಿ ನೀರು ಚಿಮುಕಿಸುತ್ತಿರಬೇಕು.