ಕಾಲಿಗೆ ದಕ್ಕಿದ ಬೆಂಗಳೂರು

ಮಿರ್ಜಾನದವನಾದ ನನಗೆ ದೂರವೆಂಬುದು ಕಾಲಿನ ಲೆಕ್ಕ. ಮನೆಯಿಂದ ಕೋಟೆಗೆ ಒಂದು ಕವಳ ಜಗಿದು ಮುಗಿಯುವಷ್ಟು ದೂರ. ಅಲ್ಲಿಂದ ಅಘನಾಶಿನಿಯ ದಂಡೆಗೆ ಇನ್ನೊಂದಿಷ್ಟು. ನಿವೃತ್ತಿಯ ನಂತರ ಮಗಳ ಮನೆಯಲ್ಲಿ ಕೆಲವು ದಿನ ಇರಲೆಂದು ಬೆಂಗಳೂರಿಗೆ ಬಂದಾಗ, ಈ ಮಹಾನಗರವನ್ನೂ ನಡೆದೇ ನೋಡಬೇಕೆಂಬ ಆಸೆ ಹುಟ್ಟಿತು. ಮಗಳು ಗಾಬರಿಯಾದಳು. ‘ಅಪ್ಪಾ, ಇಲ್ಲಿ ಯಾರೂ ಹಾಗೆಲ್ಲ ನಡೆಯೂದಿಲ್ಲ. ಆಟೊ ಕರೆಸ್ತೆ, ತಡಿ’ ಎಂದಳು. ನಡೆಯುವವರೇ ಇಲ್ಲದ ಊರು ಇದ್ದೀತೆ ಎಂದುಕೊಂಡು ನಾನು ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದೆ.

ಇಲ್ಲಿನ ಬಸ್ ನಿಲ್ದಾಣ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆಯಾಗಿತ್ತು. ಈಗ ಅದರ ಅಂಗಳದಲ್ಲಿ ಜನರದೇ ಅಲೆ. ಅಲ್ಲಿಂದ ಕೆಂಪೇಗೌಡ ರಸ್ತೆ ಹಿಡಿದು ಹೊರಟೆ. ಫುಟ್‌ಪಾತ್ ಇದೆ, ಆದರೆ ಸತತವಾಗಿ ಇಲ್ಲ. ಒಂದೆಡೆ ಚಪ್ಪಡಿ ಎದ್ದಿದೆ, ಇನ್ನೊಂದೆಡೆ ಟ್ರಾನ್ಸ್‌ಫಾರ್ಮರ್, ಮುಂದೆ ಸಾಲಾಗಿ ನಿಲ್ಲಿಸಿದ ಸ್ಕೂಟರುಗಳು. ಹತ್ತಿ ಇಳಿದು, ಇಳಿದು ಹತ್ತಿ ಮೊಣಕಾಲು ನೋಯತೊಡಗಿತು. ಅಷ್ಟರಲ್ಲಿ ಬೆನ್ನ ಹಿಂದೆ ಹಾರ್ನ್! ಫುಟ್‌ಪಾತಿನ ಮೇಲೆ ನಡೆಯುತ್ತಿದ್ದ ನಾನೇ ಬೈಕಿಗೆ ದಾರಿ ಬಿಡಬೇಕಾಯಿತು.

ಮೈಸೂರು ಬ್ಯಾಂಕ್ ವೃತ್ತದಲ್ಲಿ ರಸ್ತೆ ದಾಟಲಾಗದೆ ನಿಂತೇ ಇದ್ದೆ. ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ‘ಬನ್ನಿ ತಾತ, ಕೈ ಅಡ್ಡ ಹಿಡ್ಕೊಂಡು ನಡೀರಿ’ ಎನ್ನುತ್ತ ವಾಹನಗಳ ನಡುವೆ ಹೆಜ್ಜೆ ಹಾಕಿದಳು. ನಾನು ಹಿಂಬಾಲಿಸಿದೆ. ನಮ್ಮ ಕಡೆಯಾದರೆ ‘ಅಜ್ಜ’ ಎನ್ನುತ್ತಿದ್ದರು. ಮಹಾನಗರದಲ್ಲಿ ನನಗೆ ಸಿಕ್ಕ ಮೊದಲ ಸಂಬಂಧವಾಚಕ ಅದು.

ಅವೆನ್ಯೂ ರಸ್ತೆಗೆ ತಿರುಗಿದೊಡನೆ ನಗರದ ಅಳತೆಯೇ ಬದಲಾಯಿತು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ಇದು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ: ಕಸುಬು, ಸರಕುಗಳೇ ಬೀದಿಯ ವಿಳಾಸ. ತಲೆಹೊರೆಗೆ, ಎತ್ತಿನ ಗಾಡಿಗೆ, ನಿಂತು ಚೌಕಾಸಿ ಮಾಡುವವರಿಗೆ ತಕ್ಕಷ್ಟೇ ಅಗಲದ ಓಣಿಗಳು. ಹಳೆಯ ಪುಸ್ತಕಗಳ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೂ ಯಾರೂ ಗದರಲಿಲ್ಲ. ನಡೆಯುವವರಿಗಾಗಿ ಹುಟ್ಟಿದ ಊರು ನಡೆಯುವವರನ್ನು ಮರೆತದ್ದು ಯಾವಾಗ ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು.

ಕೆ.ಆರ್. ಮಾರುಕಟ್ಟೆಯ ಬಳಿ ತಲೆಯ ಮೇಲೊಂದು ಮೇಲ್ಸೇತುವೆ. ಅದು ಸಿರ್ಸಿ ಸರ್ಕಲ್ಲಿಗೆ ಹೋಗುತ್ತದೆಂದು ಕೇಳಿ, ನಮ್ಮ ಘಟ್ಟದ ಮೇಲಿನ ಶಿರಸಿ ನೆನಪಾಗಿ ನಗು ಬಂತು. ಅದರ ಆಚೆಗೆ, ಬಸ್ಸುಗಳ ಗದ್ದಲದ ನಡುವೆ, ಬೆಂಗಳೂರು ಕೋಟೆಯ ಅಳಿದುಳಿದ ತುಣುಕು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ನುಗ್ಗಿದ ಜಾಗದಲ್ಲಿ ಒಂದು ಫಲಕವಿದೆ. ಮಿರ್ಜಾನದ ಕೋಟೆ ಪಾಚಿಗಟ್ಟಿದ ಚಿರೆಕಲ್ಲಿನದು; ಇದು ಬೂದು ಬಣ್ಣದ ಗ್ರಾನೈಟಿನದು. ಆದರೂ ಗೋಡೆಗೆ ಅಂಗೈ ಇಟ್ಟಾಗ ಊರಿನವರೊಬ್ಬರು ಸಿಕ್ಕಂತಾಯಿತು. ಹಿಂದಿರುಗುವಾಗ ತರಗುಪೇಟೆಯ ಅಂಗಡಿಯೊಂದರಿಂದ ಕಾಳುಮೆಣಸಿನ ಘಾಟು ಬಂತು. ‘ಕರಿಮೆಣಸಿನ ರಾಣಿ’ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದಲ್ಲಿ ಈ ಸರಕು ನಮ್ಮ ಹೊಳೆಯ ಬಾಯಿಂದ ಕಡಲಿಗಿಳಿಯುತ್ತಿತ್ತು. ಕಾರಿನ ಗಾಜು ಏರಿಸಿಕೊಂಡು ಹೋಗಿದ್ದರೆ ಇದಾವುದೂ ನನಗೆ ದಕ್ಕುತ್ತಿರಲಿಲ್ಲ.

ಫುಟ್‌ಪಾತಿನ ಮಾತು ಬಂದಾಗಲೆಲ್ಲ ಬೀದಿ ವ್ಯಾಪಾರಿಗಳ ಮೇಲೆ ಬೆರಳು ತೋರಿಸುವುದು ಸುಲಭ. ನನ್ನ ಅನುಭವ ಬೇರೆ. ದಾರಿ ತೋರಿಸಿದವರು, ಕೂರಲು ಸ್ಟೂಲು ಕೊಟ್ಟವರು ಅವರೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಬೀದಿಯಲ್ಲಿ ಹಕ್ಕಿನ ಜಾಗ ನೀಡಿದೆ. ಅಲ್ಲಿ ಹಕ್ಕಿಲ್ಲದಿರುವುದು ವಾಹನಕ್ಕೆ ಮಾತ್ರ. ಪಾದಚಾರಿಗೆ ಕನಿಷ್ಠ 1.8 ಮೀಟರ್ ಅಗಲದ ಅಡೆತಡೆಯಿಲ್ಲದ ದಾರಿ ಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಹೇಳುತ್ತದೆ. ಸುರಕ್ಷಿತ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿತು. ಮಾನದಂಡವಿದೆ, ಹಕ್ಕೂ ಇದೆ. ಇಲ್ಲದಿರುವುದು ನಡೆಯುವವನೂ ನಾಗರಿಕನೆಂಬ ನೆನಪು. ಬಸ್ಸಿಗೆ, ಮೆಟ್ರೊಗೆ ಹೋಗುವವರೂ ಮೊದಲು ನಡೆಯಲೇಬೇಕಲ್ಲ? ಬರಿಗಾಲಿನ ಕೂಲಿಯವನು, ಶಾಲೆಯ ಮಗು, ಮೊಣಕಾಲು ನೋಯುವ ಮುದುಕ ಇವರೆಲ್ಲ ನಿರ್ಭಯವಾಗಿ ರಸ್ತೆ ದಾಟಬಲ್ಲರೇ ಎಂಬುದರಿಂದಲೇ ಒಂದು ನಗರದ ದೊಡ್ಡತನವನ್ನು ಅಳೆಯಬೇಕು.

ಸಂಜೆ ಮನೆ ಸೇರಿದಾಗ ಮಗಳು ‘ಹೆಂಗಿತ್ತೋ ಅಪ್ಪಾ ಬೆಂಗಳೂರು?’ ಎಂದು ಕೇಳಿದಳು. ‘ಊರು ಒಳ್ಳೆಯದೇ, ದಾರಿ ಸಿಗಬೇಕು ಅಷ್ಟೆ’ ಎಂದೆ.

ಬೆಂಗಳೂರನ್ನು ದೂರುವ ಉಮೇದು ನನಗಿಲ್ಲ. ವಾರದ ಬಳಿಕ ಊರಿಗೆ ಮರಳಿದವನು ಅಭ್ಯಾಸದಂತೆ ಕೋಟೆಯತ್ತ ಹೊರಟೆ. ನಮ್ಮ ಮನೆ ಹೆದ್ದಾರಿಯ ಈ ಬದಿಗೆ, ಕೋಟೆ ಆ ಬದಿಗೆ. ಚತುಷ್ಪಥವಾದ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಲಾರಿಗಳು ಹಾದುಹೋಗಲೆಂದು ಕಾದು ನಿಂತೆ. ಪಕ್ಕದಲ್ಲಿ ಚೀಲ ಹೊತ್ತ ಇಬ್ಬರು ಶಾಲಾ ಮಕ್ಕಳೂ ನಿಂತಿದ್ದರು. ಕೈ ಅಡ್ಡ ಹಿಡಿದು ನಾನು ಮುಂದೆ ನಡೆದೆ, ಅವರು ಹಿಂಬಾಲಿಸಿದರು.