ದುಡಿಯುವ ದಂಪತಿ ಮತ್ತು ಎರಡನೇ ಪಾಳಿ

ಕಚೇರಿಯಿಂದಲೋ ಕಾರ್ಖಾನೆಯಿಂದಲೋ ಮನೆಗೆ ಮರಳಿದ ಮೇಲೆ ಶುರುವಾಗುವ ಅಡುಗೆ, ಪಾತ್ರೆ, ಬಟ್ಟೆ, ಮಕ್ಕಳ ಪಾಲನೆಯ ದುಡಿಮೆಯನ್ನು ಸಮಾಜಶಾಸ್ತ್ರಜ್ಞರು ‘ಎರಡನೇ ಪಾಳಿ’ ಎನ್ನುತ್ತಾರೆ. ಅಮೆರಿಕದ ಆರ್ಲಿ ಹೋಕ್‌ಶೀಲ್ಡ್ 1989ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಮಾತು ಬಳಕೆಗೆ ಬಂತು. ಸಂಬಳದ ಕೆಲಸ, ಮನೆಗೆಲಸ ಎರಡನ್ನೂ ಕೂಡಿಸಿದರೆ ಹೆಂಗಸರು ಗಂಡಸರಿಗಿಂತ ವಾರಕ್ಕೆ ಸುಮಾರು 15 ಗಂಟೆ ಹೆಚ್ಚು ದುಡಿಯುತ್ತಾರೆ ಎಂಬುದು, ಹಿಂದಿನ ಸಮೀಕ್ಷೆಗಳನ್ನು ಆಧರಿಸಿದ ಅವರ ಲೆಕ್ಕ. ವರ್ಷಕ್ಕೆ ಅದು ಹಗಲು ರಾತ್ರಿ ಸೇರಿದ ಒಂದು ತಿಂಗಳಾಗುತ್ತದೆ.

ಭಾರತದಲ್ಲಿ 2019ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರು, ಗಂಡಸರು 97 ನಿಮಿಷ. ಇದು ಕೆಲಸಕ್ಕೆ ಕೈಹಾಕಿದವರ ಸರಾಸರಿ ಮಾತ್ರ. ಹಾಗೆ ಕೈಹಾಕಿದವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. ಹೊರಗೆ ದುಡಿಯದ ಗೃಹಿಣಿಯರೂ ಈ ಲೆಕ್ಕದೊಳಗಿದ್ದಾರೆ, ಆದ್ದರಿಂದ ಇದನ್ನು ನೌಕರಿಯ ದಂಪತಿಗೆ ನೇರವಾಗಿ ಹೊಂದಿಸುವಂತಿಲ್ಲ.

ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1981ರಲ್ಲಿ ಈ ಹಂಚಿಕೆಗೆ ಕೊಟ್ಟ ವಿವರಣೆ ಕೇಳಲು ಸರಳ. ಹೊರಗೆ ಹೆಚ್ಚು ಗಳಿಸಬಲ್ಲವರು ಹೊರಗೆ, ಇನ್ನೊಬ್ಬರು ಮನೆಯಲ್ಲಿ ದುಡಿದರೆ ಇಡೀ ಕುಟುಂಬಕ್ಕೆ ಲಾಭ. ಹಾಗಿದ್ದರೆ ಹೆಂಡತಿಯ ಸಂಬಳ ಗಂಡನದನ್ನು ಮೀರಿದಾಗ ಸೌಟು ಗಂಡನ ಕೈಗೆ ಬರಬೇಕಿತ್ತು. ಜೂಲಿ ಬ್ರೈನ್ಸ್ 1994ರಲ್ಲಿ ಅಮೆರಿಕದ ಅಂಕಿಅಂಶ ಪರಿಶೀಲಿಸಿದಾಗ ಕಂಡದ್ದು ಬೇರೆಯೇ: ಹೆಂಡತಿಯ ಗಳಿಕೆಯನ್ನು ನೆಚ್ಚಿಕೊಂಡ ಗಂಡಂದಿರು ಮನೆಗೆಲಸದಿಂದ ಇನ್ನಷ್ಟು ದೂರ ಸರಿದಿದ್ದರು. ಆಸ್ಟ್ರೇಲಿಯಾದ ಮಾಹಿತಿ ಆಧರಿಸಿದ 2003ರ ಅಧ್ಯಯನದಲ್ಲಿ, ಗಳಿಕೆ ಗಂಡನ ಸಮಕ್ಕೆ ಬರುವವರೆಗೆ ಹೆಂಡತಿಯ ಮನೆಗೆಲಸ ಇಳಿಯಿತು. ಮೀರಿದ ಮೇಲೆ ಮತ್ತೆ ಏರಿತು. ಸಂಬಳದಲ್ಲಿ ತಲೆಕೆಳಗಾದ ‘ಗಂಡಸುತನ’ವನ್ನು ಅಡುಗೆಮನೆಯಲ್ಲಿ ಸರಿದೂಗಿಸುವ ಯತ್ನ ಇದೆಂದು ಸಂಶೋಧಕರು ಅರ್ಥೈಸಿದರು. ಇದನ್ನು ಎಲ್ಲರೂ ಒಪ್ಪಿಲ್ಲ. ಗಂಡನ ಸಂಬಳದ ಹೋಲಿಕೆ ಮುಖ್ಯವೇ ಅಲ್ಲ, ಹೆಂಡತಿಯ ಸ್ವಂತ ಗಳಿಕೆ ಹೆಚ್ಚಿದಷ್ಟೂ ಅವಳ ಮನೆಗೆಲಸ ಕಡಿಮೆಯಾಗುತ್ತದೆ ಎಂದು ಸಂಜೀವ್ ಗುಪ್ತ 2007ರಲ್ಲಿ ವಾದಿಸಿದರು. ಈ ವಾದಕ್ಕೆ ತೂಕವಿದೆ. ಆದರೆ ಅವಳು ಬಿಟ್ಟ ಕೆಲಸ ಗಂಡನ ಪಾಲಿಗೇ ಬರಬೇಕೆಂದಿಲ್ಲ. ನಮ್ಮ ನಗರಗಳಲ್ಲಿ ಅದು ಬಹಳ ಸಲ ಮನೆಗೆಲಸದಾಕೆಗೋ ಅತ್ತೆಗೋ ಹೋಗುತ್ತದೆ.

ಗಡಿಯಾರಕ್ಕೆ ಸಿಗದ ಕೆಲಸವೂ ಇದೆ. ಹಾಲು ಮುಗಿಯುವ ಮೊದಲೇ ನೆನಪಿಡುವುದು, ಮಗುವಿನ ಲಸಿಕೆಯ ದಿನ ಗಮನಿಸುವುದು ಇಂಥವು. ಆಲಿಸನ್ ಡ್ಯಾಮಿಂಜರ್ 2019ರಲ್ಲಿ ಪ್ರಕಟಿಸಿದ, 35 ಅಮೆರಿಕನ್ ಜೋಡಿಗಳ ಅಧ್ಯಯನದಲ್ಲಿ ತೀರ್ಮಾನ ಮಾಡುವಾಗ ಇಬ್ಬರೂ ಇರುತ್ತಿದ್ದರು. ಮುಂಚೆಯೇ ಊಹಿಸುವುದು, ಆಮೇಲೆ ಬೆನ್ನುಹತ್ತಿ ನೋಡಿಕೊಳ್ಳುವುದು ಹೆಚ್ಚಾಗಿ ಹೆಂಗಸರದೇ ಆಗಿತ್ತು.

ಅಂತರ ಹಿಗ್ಗುವುದು ಮಗು ಹುಟ್ಟಿದಾಗ. ಡೆನ್ಮಾರ್ಕ್‌ನಲ್ಲಿ ಮೊದಲ ಮಗುವಿನವರೆಗೆ ಇಬ್ಬರ ಗಳಿಕೆಯೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗಿ, ಬಳಿಕ ತಾಯಂದಿರದು ದೀರ್ಘಕಾಲ ಸುಮಾರು ಶೇ. 20ರಷ್ಟು ಹಿಂದೆ ಬೀಳುತ್ತದೆ. ತಂದೆಯರ ಗಳಿಕೆ ಕದಲುವುದಿಲ್ಲ.

ತಂದೆಗೆಂದೇ ರಜೆ ಮೀಸಲಿಟ್ಟರೆ ಇದು ಬದಲಾದೀತೆ? ನಾರ್ವೆ 1993ರಲ್ಲಿ, ಸ್ವೀಡನ್ 1995ರಲ್ಲಿ ಹಾಗೆ ಮಾಡಿದವು. ಸ್ವೀಡನ್ನಿನಲ್ಲಿ ತಂದೆಯರು ರಜೆಯನ್ನೇನೋ ಪಡೆದರು. ಆದರೆ ಮುಂದೆ ಮಗುವಿಗೆ ಜ್ವರ ಬಂದಾಗ ಮನೆಯಲ್ಲಿ ಉಳಿಯುವ ಪಾಲು ಅದರಿಂದ ಹೆಚ್ಚಲಿಲ್ಲ. ನಾರ್ವೆಯಲ್ಲಿ ಆ ರಜೆ ಜಾರಿಯಾದ ಮೇಲೆ ತಂದೆತಾಯಿಯಾದವರಲ್ಲಿ ಮನೆಗೆಲಸದ ಜಗಳ ಕಡಿಮೆ ಇತ್ತು, ಬಟ್ಟೆ ಒಗೆಯುವ ಕೆಲಸವನ್ನು ಸಮನಾಗಿ ಹಂಚಿಕೊಂಡವರು ಹೆಚ್ಚಿದ್ದರು.